ಗುಳಿಗೆಗಳ ಕೀರ್ದಿ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಸುಗ್ಗಿಯ ದಿನಗಳಲ್ಲಿ, ಸೋಮವಾರ ಮತ್ತು ಗುರುವಾರದ ಟೆಂಡರಿಗೆ ಲಕ್ಷಕ್ಕೂ ಮೇಲ್ಪಟ್ಟು ಚೀಲಗಳು ಬಂದು ಬಿದ್ದಾಗ, ಇಲ್ಲಿಯ ಗಾಳಿಯೇ ಖಾರವಾಗಿರುತ್ತದೆ. ಹೊಸಬರು ಬಾಗಿಲಲ್ಲೇ ಸೀನಿ ಹಿಂದಿರುಗುತ್ತಾರೆ. ಆದ್ದರಿಂದ ಒಂದು ಫೆಬ್ರುವರಿಯ ಗುರುವಾರ ಪಟ್ಟಿ ಬರೆಯುತ್ತಿದ್ದಾಗ ಉಸಿರು ಕಟ್ಟಿದಂತಾದುದನ್ನು ನಾನು ಘಾಟು ಎಂದೇ ತಿಳಿದೆ. ಹೊರಗೆ ಬಂದು ನಿಂತರೂ ಅದು ಬಿಡಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವೆತು ಪೆನ್ನು ಜಾರಿತ್ತು, ಬೆರಳ ತುದಿಗಳು ಜುಮುಗುಡುತ್ತಿದ್ದವು, ಮತ್ತು ಈಗಲೇ ಸತ್ತುಹೋಗುತ್ತೇನೆ ಎಂಬುದು ಬರೀ ಅಂಜಿಕೆಯಾಗಿ ಅಲ್ಲ, ತಿಳಿದ ಸಂಗತಿಯಂತೆ ತಲೆಯಲ್ಲಿ ಕೂತಿತ್ತು. ಹಮಾಲರಿಬ್ಬರು ತೋಳು ಹಿಡಿದು ನನ್ನನ್ನು ದವಾಖಾನೆಗೆ ಒಯ್ದರು. ಅಲ್ಲಿ ಮುಟ್ಟುವಷ್ಟರಲ್ಲಿ ಎಲ್ಲವೂ ಇಳಿದಿತ್ತು. ಇ.ಸಿ.ಜಿ. ಸರಿಯಾಗಿತ್ತು, ಗ್ಯಾಸ್ ಎಂದು ಗುಳಿಗೆ ಕೊಟ್ಟರು.

ಮುಂದಿನ ಮೂರು ತಿಂಗಳಲ್ಲಿ ನಾಲ್ಕು ಇ.ಸಿ.ಜಿ., ಒಂದು ಎಕೋ, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಎಲ್ಲವೂ ಆದವು. ಥೈರಾಯ್ಡ್ ಹೆಚ್ಚಾದರೆ ಎದೆಬಡಿತ, ನಡುಕ ಎರಡೂ ಬರುತ್ತವೆ, ಹೀಗಾಗಿ ಆ ಪರೀಕ್ಷೆಗಳು ವ್ಯರ್ಥವಲ್ಲವೆಂದು ಈಗಲೂ ಹೇಳುತ್ತೇನೆ. ಆದರೆ ಪ್ರತಿ ವರದಿ ಸರಿ ಬಂದಾಗಲೂ ನನಗೆ ಸಮಾಧಾನವಾಗುವುದು ಎರಡೇ ದಿನ. ಮೂರನೆಯ ದಿನ, ಅವರು ನೋಡದ ಯಾವುದೋ ನರ ಉಳಿದಿದೆ ಎನಿಸುತ್ತಿತ್ತು. ಅವ್ವ ದೃಷ್ಟಿ ತೆಗೆದಳು. ಟೆಂಡರಿನ ಹಿಂದಿನ ರಾತ್ರಿ ನಿದ್ದೆ ಪೂರ್ತಿ ಹೋಯಿತು.

ಆಗ ಪರಿಚಯದವರೊಬ್ಬರ ಮಾತು ಕೇಳಿ ಔಷಧ ಅಂಗಡಿಯೊಂದರಿಂದ ಆತಂಕ ತಗ್ಗಿಸುವ ಅಲ್ಪ್ರಜೋಲಾಮ್ ಗುಳಿಗೆ, 0.25 ಮಿ.ಗ್ರಾಂ.ನದು, ತಂದೆ. ಇದು ಷೆಡ್ಯೂಲ್ ಎಚ್1ಕ್ಕೆ ಸೇರಿದ ಔಷಧ. ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು ಎಂಬ ನಿಯಮವಿದೆ. ನನಗೆ ಯಾರೂ ಚೀಟಿ ಕೇಳಲಿಲ್ಲ, ನಾನೂ ಕೇಳಿಸಿಕೊಳ್ಳಲು ಬಯಸಲಿಲ್ಲ. ಅರ್ಧ ತಾಸಿನಲ್ಲಿ ಎದೆ ತಣ್ಣಗಾಯಿತು. ಮೇ ತಿಂಗಳಲ್ಲಿ ರಾತ್ರಿಗೆ ಒಂದು ಇದ್ದದ್ದು ದೀಪಾವಳಿಯ ಹೊತ್ತಿಗೆ ದಿನಕ್ಕೆ ಮೂರಾಯಿತು. ಹೊತ್ತು ತಪ್ಪಿದರೆ ಕೈ ನಡುಗಿ ಅಂಕಿ ಸೊಟ್ಟಗಾಗುತ್ತಿದ್ದವು. ಅದು ಕೈಗಡವಾಗಿತ್ತು. ಕೈಗಡದಿಂದ ಇವತ್ತಿನ ವ್ಯವಹಾರ ನಡೆಯುತ್ತದೆ, ಅಂಗಡಿ ನಡೆಯುವುದಿಲ್ಲ ಎಂಬುದು ಲೆಕ್ಕದವನಾದ ನನಗೆ ಗೊತ್ತಿರಬೇಕಾಗಿತ್ತು.

ಮನೋರೋಗ ತಜ್ಞರ ಕಡೆಗೆ ಹೋಗಲು ತಡವಾದದ್ದಕ್ಕೆ ಒಂದು ಕಾರಣ ಹೇಳಲೇಬೇಕು. ನಮ್ಮ ಕಡೆ ಯಾರಾದರೂ ಅಸಂಬದ್ಧ ಮಾತಾಡಿದರೆ “ಏನಪಾ, ಧಾರವಾಡಕ್ಕ ಕಳಸಬೇಕೇನು?” ಎನ್ನುವುದು ರೂಢಿ. ಬ್ರಿಟಿಷರ ಕಾಲದಿಂದ ಅಲ್ಲಿರುವ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಸಂಸ್ಥೆಯಾಗಿ ಬೆಳೆದಿದ್ದರೂ ಮಾತು ಮಾತ್ರ ಹಾಗೆಯೇ ಉಳಿದಿದೆ, ನಾನೂ ಅದನ್ನು ಎಷ್ಟೋ ಸಲ ಆಡಿದವನು. ಕೊನೆಗೆ ನವೆಂಬರಿನಲ್ಲಿ ಹೆಂಡತಿಯೇ “ನಾನೂ ಬರತೇನ್ರೀ, ನಡೀರಿ” ಎಂದು ಹೊರಡಿಸಿದಳು. ರೈಲಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಧಾರವಾಡಕ್ಕೆ ಓಡುವ ಚಿಗರಿ ಬಸ್ ಹತ್ತಿದೆವು. ಬಾಗಿಲು ಮುಚ್ಚಿಕೊಂಡ ತಕ್ಷಣ ನನಗೆ ಮತ್ತೆ ಶುರುವಾಗಿ ಉಣಕಲ್ಲಿನಲ್ಲಿಯೇ ಇಳಿದುಬಿಟ್ಟೆ. ಉಳಿದ ದಾರಿಯನ್ನು ಆಟೋದಲ್ಲಿ ಕ್ರಮಿಸಿದೆವು.

ವೈದ್ಯರು ಮೊದಲು ಏಳು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಜಿ.ಎ.ಡಿ.-7 ಎಂದು ಅದರ ಹೆಸರು. ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಚಿಂತೆ ತಡೆಯಲಾಗಲಿಲ್ಲ, ಎಷ್ಟು ದಿನ ಕೂತಲ್ಲಿ ಕೂರಲಾಗಲಿಲ್ಲ ಎಂಬಂಥ ಪ್ರಶ್ನೆಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 21ಕ್ಕೆ 15 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ ಆತಂಕ. ನನ್ನದು 18 ಆಯಿತು. ಒಂಬತ್ತು ತಿಂಗಳಿಂದ ಹೆಸರಿಲ್ಲದೆ ಕಾಡಿದ್ದಕ್ಕೆ ಒಂದು ಅಂಕಿ ಸಿಕ್ಕಿದ್ದೇ ನನಗೆ ಅರ್ಧ ಔಷಧದಂತೆ ಕಂಡಿತು. ಅಂದು ಸಂಜೆ ಹಳೆಯ ಕೀರ್ದಿ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ಗೆರೆ ಹಾಕಿ, ದಿನಾಂಕ, ಗುಳಿಗೆ, ನಿದ್ದೆಯ ತಾಸು, ಕುಡಿದ ಚಹಾ, ಹತ್ತಕ್ಕೆ ಆತಂಕ ಎಷ್ಟು ಎಂದು ಬರೆಯಲು ತೊಡಗಿದೆ. ವೈದ್ಯರ ಮುಂದೆ ಕೂತಾಗ ಮನಸ್ಸು ನಿನ್ನೆಯ ದಿನವನ್ನಷ್ಟೇ ನೆನಪಿಸುತ್ತದೆ, ತಿಂಗಳನ್ನಲ್ಲ. ಪುಸ್ತಕ ತಿಂಗಳನ್ನು ತೋರಿಸುತ್ತದೆ.

ಮೊದಲು ಕೊಟ್ಟದ್ದು ಆತಂಕ, ಖಿನ್ನತೆಗಳಿಗೆ ಕೊಡುವ ಎಸ್ಸಿಟಾಲೊಪ್ರಾಮ್, ಒಂದು ವಾರ 5 ಮಿ.ಗ್ರಾಂ., ಆಮೇಲೆ 10. “ಮೊದಲ ಹತ್ತು ದಿನ ಹೆಚ್ಚಾದಂಗ ಅನಸಬಹುದು, ಹೆದರಬ್ಯಾಡ್ರಿ, ನಾಕರಿಂದ ಆರು ವಾರ ಕಾಯಬೇಕು” ಎಂದು ಮುಂಚೆಯೇ ಹೇಳಿದ್ದರು. ಹೇಳದಿದ್ದರೆ ನಾನು ಐದನೆಯ ದಿನವೇ ಬಿಟ್ಟುಬಿಡುತ್ತಿದ್ದೆ: ಓಕರಿಕೆ, ತಡೆಯಲಾಗದ ಆಕಳಿಕೆ, ಮೊದಲಿಗಿಂತ ಹೆಚ್ಚಿನ ಚಡಪಡಿಕೆ. ಒಂದು ರಾತ್ರಿ ಎರಡು ಗಂಟೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಅತ್ತ ಕಡೆಯವರು ಕನ್ನಡದಲ್ಲಿಯೇ ಇಪ್ಪತ್ತು ನಿಮಿಷ ಮಾತಾಡಿ, ಗುಳಿಗೆ ಬಿಡದೆ ಬೆಳಿಗ್ಗೆ ವೈದ್ಯರಿಗೆ ತಿಳಿಸಲು ಹೇಳಿದರು. ಐದನೆಯ ವಾರದಲ್ಲಿ ಕೀರ್ದಿಯ ಎಂಟುಗಳು ಆರಾದವು. ಎರಡು ತಿಂಗಳಿಗೆ ಹಾಳೆಯ ಅಂಕ 11ಕ್ಕೆ ಬಂದು ಅಲ್ಲಿಯೇ ನಿಂತಿತು. 20ಕ್ಕೆ ಏರಿಸಿದಾಗ ಇನ್ನಷ್ಟು ಇಳಿಯಿತು, ಆದರೆ ಹಗಲು ತೂಕಡಿಕೆ, ಜೊತೆಗೆ ದಾಂಪತ್ಯದ ಆಸಕ್ತಿಯೇ ಬತ್ತಿಹೋಯಿತು. ಈ ಎರಡನೆಯದನ್ನು ನಾನು ಎರಡು ತಿಂಗಳು ಯಾರಿಗೂ ಹೇಳಲಿಲ್ಲ, ಕೀರ್ದಿಯಲ್ಲಿಯೂ ಬರೆಯಲಿಲ್ಲ. ಹೇಳಿದ ದಿನ ವೈದ್ಯರು ಅಚ್ಚರಿಪಡಲೇ ಇಲ್ಲ. ಈ ಗುಂಪಿನ ಔಷಧಗಳಲ್ಲಿ ಇದು ಸಾಮಾನ್ಯ, ಮೊದಲೇ ಹೇಳಿದ್ದರೆ ಮೊದಲೇ ಬದಲಿಸಬಹುದಿತ್ತು ಎಂದರು.

ಬದಲಿಯಾಗಿ ಬಂದದ್ದು ಅದೇ ಗುಂಪಿನ ಸೆರ್ಟ್ರಾಲಿನ್. ಒಂದನ್ನು ಇಳಿಸುತ್ತ ಇನ್ನೊಂದನ್ನು 25ರಿಂದ ಏರಿಸಿದರು. ಮೊದಲ ವಾರ ಹೊಟ್ಟೆ ಸಡಿಲವಾಯಿತು; ನಾಷ್ಟಾ ಆದ ಮೇಲೆ ತೆಗೆದುಕೊಳ್ಳತೊಡಗಿದಾಗ ನಿಂತಿತು. 100 ಮಿ.ಗ್ರಾಂ.ಗೆ ನನ್ನ ಅಂಕ 5ಕ್ಕೆ ಇಳಿದು ಮೈಯೂ ಹಗುರವಾಯಿತು. ಇದರಲ್ಲಿಯೂ ಅದೇ ಅಡ್ಡಪರಿಣಾಮ ಬರಬಹುದು, ನನಗೆ ಕಡಿಮೆ ಬಂತು ಅಷ್ಟೆ. ನನ್ನ ಸೋದರಮಾವನಿಗೆ ನಾನು ಬಿಟ್ಟ ಎಸ್ಸಿಟಾಲೊಪ್ರಾಮೇ ಹೊಂದಿಕೊಂಡಿದೆ.

ಈ ನಡುವೆ ಒಂದು ಅಚಾತುರ್ಯ ನಡೆಯಿತು. ಒಂದು ತಿಂಗಳು ಔಷಧ ಅಂಗಡಿಯವರು ಬೇರೆ ಕಂಪನಿಯ ಗುಳಿಗೆ ಪಟ್ಟಿ ಕೊಟ್ಟರು. ಬಣ್ಣ ಬೇರೆ, ಮೇಲಿನ ದೊಡ್ಡ ಅಕ್ಷರದ ಹೆಸರು ಬೇರೆ; ಹೊಸ ಔಷಧವೆಂದು ತಿಳಿದು ಹಳೆಯದರ ಜೊತೆಗೆ ಇದನ್ನೂ ನಾಲ್ಕು ದಿನ ನುಂಗಿದೆ. ತಲೆ ಭಾರವಾಗಿ ಕೈ ನಡುಗತೊಡಗಿದಾಗ ಮಗಳು ಎರಡೂ ಪಟ್ಟಿಗಳನ್ನು ತಿರುಗಿಸಿ, ಹೆಬ್ಬೆರಳಿನಿಂದ ಬೆಳ್ಳಿ ಹಾಳೆಯನ್ನು ನೀವಿ, ಕೆಳಗಿನ ಸಣ್ಣ ಅಕ್ಷರ ಓದಿದಳು: ಎರಡರಲ್ಲಿಯೂ ಸೆರ್ಟ್ರಾಲಿನ್. ಅಂದಿನಿಂದ ಕೀರ್ದಿಯಲ್ಲಿ ಕಂಪನಿಯ ಹೆಸರು ಬರೆಯುವುದನ್ನು ಬಿಟ್ಟು ಒಳಗಿನ ಔಷಧದ ಹೆಸರನ್ನೇ ಬರೆಯುತ್ತೇನೆ. ಇದರಿಂದ ಜನೌಷಧಿ ಕೇಂದ್ರದಲ್ಲಿ ಕೇಳುವುದೂ ಸುಲಭವಾಗಿ ಖರ್ಚು ಬಹಳ ಇಳಿಯಿತು.

ಅಲ್ಪ್ರಜೋಲಾಮ್ ಬಿಡುವುದು ಇವೆಲ್ಲಕ್ಕಿಂತ ಕಷ್ಟವಾಯಿತು. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆಯೆಂದು ಎಚ್ಚರಿಸಿ, ಅದೇ ಬಗೆಯ, ಆದರೆ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವ ಕ್ಲೊನಜೆಪಾಮಿಗೆ ಬದಲಿಸಿ, ಅರ್ಧ, ಕಾಲು ಎಂದು ಐದು ತಿಂಗಳಲ್ಲಿ ಇಳಿಸಿದರು. ಪ್ರತಿ ಇಳಿಕೆಯ ನಂತರ ಮೂರು ರಾತ್ರಿ ನಿದ್ದೆಯಿಲ್ಲ, ನಾಲ್ಕನೆಯ ರಾತ್ರಿ ಬರುತ್ತಿತ್ತು. ಇದು ಕೀರ್ದಿಯಲ್ಲಿ ಎದ್ದು ಕಂಡ ಮೇಲೆ ಮೊದಲ ಮೂರನ್ನು ಸಹಿಸುವುದು ಸಾಧ್ಯವಾಯಿತು.

ಔಷಧದ ಜೊತೆಗೆ ಮನಶ್ಶಾಸ್ತ್ರಜ್ಞೆಯೊಬ್ಬರು ಹತ್ತು ಸಲ ಕೂರಿಸಿಕೊಂಡು ಕಲಿಸಿದ್ದು ಒಂದೇ: ಆತಂಕದ ದಾಳಿ ಬಂದಾಗ ಓಡಬಾರದು, ಗಡಿಯಾರ ನೋಡಬೇಕು. ಅದು ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ನಾನು ಓಡಿದಾಗಲೆಲ್ಲ, ಓಡಿದ್ದರಿಂದಲೇ ಬದುಕಿದೆ ಎಂದು ಮನಸ್ಸು ತಪ್ಪು ಲೆಕ್ಕ ಬರೆದುಕೊಂಡಿತ್ತು. ಅವರ ಸೂಚನೆಯಂತೆ ಚಿಗರಿಯಲ್ಲಿ ಮೊದಲ ದಿನ ಒಂದು ನಿಲ್ದಾಣ, ಮರುವಾರ ಮೂರು, ಆಮೇಲೆ ಧಾರವಾಡದ ಜುಬಿಲಿ ಸರ್ಕಲ್‌ವರೆಗೆ ನಿಂತೇ ಹೋದೆ. ನವನಗರದ ಹತ್ತಿರ ಎದೆ ಏರಿದಾಗ ನೋಡಿದರೆ 10.42, ಇಳಿದಾಗ 10.51. ದಿನಕ್ಕೆ ಏಳು ಕಪ್ ಚಹಾ ಎರಡಕ್ಕೆ ಬಂದದ್ದೂ ಆಗಲೇ. ನನ್ನ ಮಟ್ಟಿಗೆ ಗುಳಿಗೆಯಿಲ್ಲದೆ ಈ ಅಭ್ಯಾಸಕ್ಕೆ ನಿಲ್ಲುವ ಶಕ್ತಿ ಇರಲಿಲ್ಲ, ಅಭ್ಯಾಸವಿಲ್ಲದೆ ಬರೀ ಗುಳಿಗೆಯಿಂದ ನಾನು ಬಸ್ ಹತ್ತುತ್ತಲೂ ಇರಲಿಲ್ಲ.

ಎಲ್ಲ ಸರಿಯಾಯಿತೆಂದು ಕಳೆದ ಶ್ರಾವಣದಲ್ಲಿ ಯಾರನ್ನೂ ಕೇಳದೆ ಸೆರ್ಟ್ರಾಲಿನ್ ಬಿಟ್ಟೆ. ಮೂರನೆಯ ದಿನ ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತಾಗಿ, ಮೆಟ್ಟಿಲಲ್ಲಿ ತೂರಾಡಿದೆ. ವೈದ್ಯರಿಗೆ ಫೋನ್ ಮಾಡಿ ಮತ್ತೆ ಶುರು ಮಾಡಿದಾಗ ಎರಡು ದಿನಗಳಲ್ಲಿ ಹೋಯಿತು. ಅವರು ಬೈಯಲಿಲ್ಲ, ಬಿಡುವುದಾದರೆ ಸುಗ್ಗಿ ಮುಗಿದ ಮೇಲೆ, ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಇಳಿಸೋಣ ಎಂದರು. ಕೀರ್ದಿಯ ಮೂರನೆಯ ಪುಸ್ತಕದಲ್ಲಿ ಮೇ ತಿಂಗಳ ಹಾಳೆಯ ಮೇಲೆ ಪೆನ್ಸಿಲಿನಿಂದ 75 ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.