ಹಿತ್ತಲಲ್ಲಿ ತುಡುವೆ ಜೇನು: ಮನೇಲೇ ಮಾಡಿದ ಪೆಟ್ಟಿಗೆ, ಮಳೆಗಾಲದ ಲೆಕ್ಕ

ಶಿರಸಿ ಕಡೆ ನಮ್ಮನೆ ಹಿತ್ತಲಲ್ಲಿ ಈಗ ಐದು ಪೆಟ್ಟಿಗೆ ಜೇನಿದೆ, ಐದೂ ಮನೇಲೇ ಮಾಡಿದ್ದು, ಎಲ್ಲಾ ತುಡುವೆ. ನಾವೂ ಸಾಕ್ಬೇಕು ಅಂತ ಬರೋರು ಮೊದಲು ಕೇಳೋದು ವರ್ಷಕ್ಕೆ ಎಷ್ಟು ಕೆಜಿ ಜೇನುತುಪ್ಪ ಸಿಗತ್ತೆ ಅಂತ. ಒಂದು ಒಳ್ಳೆ ಕುಟುಂಬದಿಂದ ಐದರಿಂದ ಹತ್ತು ಕೆಜಿ ಸಿಗಬಹುದು, ಆದ್ರೆ ಅದು ಮಳೆಗಾಲ ಬದುಕಿ ಉಳಿದ ಕುಟುಂಬಕ್ಕೆ ಮಾತ್ರ. ಬೇಸಿಗೇಲಿ ಜೇನು ನಮ್ಮನ್ನ ನೋಡ್ಕೊಳತ್ತೆ, ಜೂನಿಂದ ಸೆಪ್ಟೆಂಬರ್ ತನಕ ಜೇನನ್ನ ನಾವು ನೋಡ್ಕೋಬೇಕು, ಈ ಎರಡನೇ ಭಾಗ ಯಾರೂ ಸರಿಯಾಗಿ ಹೇಳ್ಕೊಡಲ್ಲ ಅದಕ್ಕೇ ಇಷ್ಟುದ್ದ ಬರೀತಿದೀನಿ.

ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ (ಮೇಣದ ಹಲ್ಲೆ) ಕಟ್ಟೋವು, ಪೆಟ್ಟಿಗೇಲಿ ನಿಲ್ಲಲ್ಲ. ತುಡುವೆ ಹಾಗಲ್ಲ, ಮರದ ಪೊಟರೆ, ಹುತ್ತ, ಗೋಡೆ ಸಂದಿ ಇಂಥ ಕತ್ತಲಲ್ಲಿ ಸಾಲಾಗಿ ನಾಲ್ಕಾರು ಎರಿ ಕಟ್ಟತ್ತೆ, ಅದಕ್ಕೇ ಪೆಟ್ಟಿಗೆಗೆ ಒಗ್ಗತ್ತೆ. ಆದ್ರೆ ಮನಸ್ಸಿಗೆ ಬರ್ಲಿಲ್ಲ ಅಂದ್ರೆ ಇಡೀ ಸಂಸಾರ ಗೂಡು ಖಾಲಿ ಮಾಡಿ ಹೋಗತ್ತೆ. ಇರುವೆ, ಹಸಿವು, ಜಾಸ್ತಿ ಬಿಸಿಲು, ನಾವು ದಿನಾ ಮುಚ್ಚಳ ತೆಗೆದು ನೋಡೋದು, ಯಾವುದಾದ್ರೂ ಒಂದು ಸಾಕು ಅದಕ್ಕೆ ಹೊರಡೋಕೆ.

ಪೆಟ್ಟಿಗೆ

ನಮ್ಮ ಕಡೆ ಸಣ್ಣ ಪೆಟ್ಟಿಗೆ ಅಂದ್ರೆ ನ್ಯೂಟನ್ ಪೆಟ್ಟಿಗೆ, 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ಅನ್ನೋರು ನಮ್ಮ ತುಡುವೆ ಅಳತೆಗೇ ಅಂತ ಮಾಡಿದ್ದು. ಕೆಳಗಿನ ಮರಿ ಕೋಣೇಲಿ ಏಳು ಫ್ರೇಮು, ಅಂದ್ರೆ ಜೇನು ಎರಿ ಕಟ್ಟೋ ಮರದ ಚೌಕಟ್ಟು, ಫ್ರೇಮಿನ ಒಳ ಅಳತೆ ಎಂಟೂಕಾಲು ಇಂಚು ಉದ್ದ, ಐದೂಮುಕ್ಕಾಲು ಇಂಚು ಎತ್ತರ. ಮೇಲಿನ ತುಪ್ಪದ ಕೋಣೆ ಫ್ರೇಮಿನ ಉದ್ದ ಅಷ್ಟೇ, ಎತ್ತರ ಎರಡೂವರೆ ಇಂಚು. ಊರಲ್ಲಿ ಯಾರ ಹತ್ರ ಆದ್ರೂ ಜೇನಿದ್ರೆ ಅವ್ರ ಫ್ರೇಮ್ ಒಂದು ತಂದು ಅದೇ ಅಳತೆಗೆ ನೀವೂ ಮಾಡಿ, ಮುಂದೆ ಒಬ್ಬರದ್ದು ಇನ್ನೊಬ್ಬರಿಗೆ ಕೂರತ್ತೆ.

ಮರ ಹಲಸು, ಸಾಗವಾನಿ, ಸಿಲ್ವರ್ ಓಕ್ ಯಾವುದಾದ್ರೂ ಆಗತ್ತೆ, ಪೂರ್ತಿ ಒಣಗಿರ್ಬೇಕು. ಪ್ಲೈವುಡ್ಡಲ್ಲಿ ಒಮ್ಮೆ ಮಾಡಿದ್ದೆ, ಒಂದೇ ಮಳೆಗೆ ಪದರ ಬಿಟ್ಟು ಉಬ್ಬಿತ್ತು. ಒಳಗಡೆ ಪೇಂಟು, ವಾರ್ನಿಷ್ ಏನೂ ಬೇಡ. ಮರ ಸ್ವಲ್ಪ ಸೊಟ್ಟ ಇದ್ರೂ ನಡೆಯತ್ತೆ ಆದ್ರೆ ಜಾಗದ ಲೆಕ್ಕ ಮಾತ್ರ ತಪ್ಪೋ ಹಾಗಿಲ್ಲ, ಫ್ರೇಮಿಗೂ ಗೋಡೆಗೂ ನಡುವೆ 8 ಮಿಲಿಮೀಟರ್ ಇರ್ಬೇಕು, ಅದು ಜೇನಿನ ಓಡಾಟದ ದಾರಿ, ಅದಕ್ಕಿಂತ ಜಾಸ್ತಿ ಬಿಟ್ರೆ ಅಲ್ಲೇ ಅಡ್ಡ ಎರಿ ಕಟ್ಟಿಬಿಡತ್ತೆ, ಕಡಿಮೆ ಆದ್ರೆ ಮೇಣ ಹಾಕಿ ಫ್ರೇಮನ್ನೇ ಅಂಟಿಸಿಬಿಡತ್ತೆ, ಎರಡರಲ್ಲೂ ಫ್ರೇಮ್ ಎತ್ತೋವಾಗ ಎರಿ ಹರಿದು ಮರಿ ಸಾಯತ್ತೆ. ಒಂದು ಫ್ರೇಮಿನ ಮಧ್ಯದಿಂದ ಪಕ್ಕದ ಫ್ರೇಮಿನ ಮಧ್ಯಕ್ಕೆ ಒಂದೂಕಾಲು ಇಂಚು ಬರ್ಬೇಕು. ನಾನು 8 ಮಿಲಿಮೀಟರಿನ ಮರದ ತುಂಡೊಂದನ್ನ ಜೇಬಲ್ಲೇ ಇಟ್ಕೊಂಡು ಪ್ರತಿ ಸಂದಿಗೂ ತೂರಿಸಿ ನೋಡ್ತೀನಿ. ಮೇಲಿನ ಪಟ್ಟಿಯ ಅಡಿಭಾಗಕ್ಕೆ ಕರಗಿಸಿದ ಮೇಣ ಒಂದು ಗೆರೆ ಎಳೆದ್ರೆ ಜೇನು ಅದೇ ಗೆರೆ ಹಿಡಿದು ನೇರ ಎರಿ ಕಟ್ಟತ್ತೆ.

ಪೆಟ್ಟಿಗೆ ತೆರೆಯೋವಾಗ ಜೇನು ಸುಮ್ಮನಿರೋಕೆ ಹೊಗೆ ಬೇಕು, ಅದಕ್ಕೆ ಹಳೆ ಹಾಲಿನಪುಡಿ ಡಬ್ಬಕ್ಕೆ ತೂತು ಹೊಡೆದು ತೆಂಗಿನ ಕತ್ತ ತುಂಬಿದ್ರೆ ಆಯ್ತು, ಎರಡು ಊದು ಸಾಕು, ಜೇನನ್ನ ಉಸಿರುಗಟ್ಟಿಸೋದು ಬೇಡ. ಮುಖಕ್ಕೆ ಸೊಳ್ಳೆಪರದೆ ಬಟ್ಟೆ ಹೊಲಿದ ಟೋಪಿ. ಅಡಿಕೆ ಹಾಳೆ ಟೋಪಿಗೆ ಹೊಲೀಬೇಡಿ, ಅದಕ್ಕೆ ಅಂಚು ಇರಲ್ಲ, ಬಟ್ಟೆ ಮೂಗಿಗೆ ತಾಗಿ ಅಲ್ಲೇ ಕಚ್ಚತ್ತೆ, ಅಗಲ ಅಂಚಿನ ಹುಲ್ಲಿನ ಟೋಪಿ ಒಳ್ಳೇದು. ಕಚ್ಚಿದ್ರೆ ಮುಳ್ಳನ್ನ ಹಿಂಡದೆ ಉಗುರಲ್ಲಿ ಕೆರೆದು ತಕ್ಷಣ ತೆಗೀರಿ. ಒಂದೇ ಕಡಿತಕ್ಕೆ ಮೈಯೆಲ್ಲಾ ದದ್ದು, ಉಸಿರು ಕಟ್ಟೋದು ಆಗೋರು ಸೀದಾ ಆಸ್ಪತ್ರೆಗೆ ಹೋಗ್ಬೇಕು, ಅಂಥವ್ರು ಈ ಕೆಲಸಕ್ಕೆ ಕೈ ಹಾಕೋದು ಬೇಡ.

ಪೆಟ್ಟಿಗೇನ ಎರಡು ಅಡಿ ಎತ್ತರದ ಗೂಟದ ಮೇಲೆ ಇಡಿ, ಗೂಟದ ಬುಡಕ್ಕೆ ನೀರಿನ ತಟ್ಟೆ ಅಥವಾ ಸುಟ್ಟ ಆಯಿಲಲ್ಲಿ ಅದ್ದಿದ ಬಟ್ಟೆ, ಇರುವೆ ಹತ್ತಬಾರದು. ಬಾಗಿಲು ಪೂರ್ವಕ್ಕೆ, ಬೆಳಿಗ್ಗೆ ಬಿಸಿಲು ಬೀಳ್ಬೇಕು, ಮಧ್ಯಾಹ್ನ ನೆರಳು. ಅಡಿಕೆ ತೋಟದ ಒಳಗೆ ಬೇಡ, ಅಲ್ಲಿ ಮಳೆಗಾಲದ ಥಂಡಿ ಜಾಸ್ತಿ, ತೋಟದ ಅಂಚು, ಹಿತ್ತಲು ಒಳ್ಳೇದು.

ದೀಪಾವಳಿ ಆದ್ಮೇಲೆ: ಹಿಡಿಯೋದು, ಪಾಲು ಮಾಡೋದು

ಅಕ್ಟೋಬರಿಂದ ಹೂವು ಶುರು, ಜೇನು ಬೆಳೆಯತ್ತೆ, ನವೆಂಬರಿಂದ ಫೆಬ್ರವರಿ ತನಕ ಪಾಲಾಗಿ, ಅಂದ್ರೆ ಒಂದು ಕುಟುಂಬ ಎರಡಾಗಿ, ಹಾರೋ ಕಾಲ. ಖಾಲಿ ಪೆಟ್ಟಿಗೆಗೆ ಒಳಗೆ ಹಳೆ ಮೇಣ ತಿಕ್ಕಿ ಮರದ ಕವಲಲ್ಲಿ ಇಟ್ರೆ ತಾನಾಗೇ ಬಂದು ಸೇರೋದೂ ಉಂಟು, ನಮ್ಮ ಹಿರೀರು ಇದೇ ಕೆಲಸಕ್ಕೆ ಮಡಿಕೆ ಕಟ್ತಿದ್ರು. ಕಾದು ಕೂರೋಕೆ ಆಗ್ದಿದ್ರೆ ಹುತ್ತದಿಂದಲೋ ಗೋಡೆಯಿಂದಲೋ ತೆಗೀಬೇಕು. ಸಂಜೆ ಹೊತ್ತು ಮಾಡಿ. ಎರಿ ಒಂದೊಂದೇ ಕೊಯ್ದು, ತುಪ್ಪದ ಭಾಗ ಬೇರೆ ಮಾಡಿ, ಮರಿ ಇರೋ ಭಾಗವನ್ನ ಫ್ರೇಮಿನ ಮೇಲ್ಪಟ್ಟಿಗೆ ತಾಗಿಸಿ ಬಾಳೆ ನಾರಲ್ಲಿ ಕಟ್ಟಿ, ಮೊದಲು ಹೇಗಿತ್ತೋ ಹಾಗೇ ಮೇಲೆ ಕೆಳಗೆ ಅದಲುಬದಲು ಆಗ್ದಂಗೆ. ಎರಡು ಮೂರು ದಿನದಲ್ಲಿ ಮೇಣ ಹಾಕಿ ಅಂಟಿಸ್ಕೊಳತ್ತೆ, ಆಮೇಲೆ ನಾರು ಬಿಚ್ಚಿ. ಪ್ಲಾಸ್ಟಿಕ್ ದಾರ ಬೇಡ, ಅದು ಎರಿಯನ್ನ ಕೊಯ್ಯತ್ತೆ. ಎಲ್ಲಕ್ಕಿಂತ ಮುಖ್ಯ ರಾಣಿ, ಅದು ಒಳಗೆ ಸೇರಿದ್ರೆ ಉಳಿದವು ಹಿಂದೇನೇ ನಡ್ಕೊಂಡು ಬರತ್ತೆ. ಬಾಗಿಲಿಗೆ ರಾಣಿ ಹೊರಗೆ ಹೋಗದಂಗೆ ತಡೆಯೋ ಗೇಟು ನಾಲ್ಕೈದು ದಿನ ಹಾಕಿ, ಮೊದಲ ವಾರ ಸಕ್ಕರೆ ಪಾಕ ಕೊಡಿ, ಆಮೇಲೆ ಮುಟ್ಟಬೇಡಿ. ಮರಿ ಎರಿ ಉಳಿಸದೆ ಬರೀ ತುಪ್ಪಕ್ಕೋಸ್ಕರ ಇಡೀ ಗೂಡು ಹಿಂಡಿ ಬಿಸಾಕೋದನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ, ಅದರ ಬದಲು ಆ ಗೂಡು ಅಲ್ಲೇ ಇರ್ಲಿ.

ಇರೋ ಪೆಟ್ಟಿಗೇಲಿ ಪಾಲಾಗೋ ಸೂಚನೆ ಹೀಗೆ ಗೊತ್ತಾಗತ್ತೆ. ಎರಿಯಲ್ಲಿ ಗಂಡು ನೊಣದ ಕಣ್ಣುಗಳು (ನೊಣ ಅಂದ್ರೆ ಜೇನುಹುಳ, ಕಣ್ಣು ಅಂದ್ರೆ ಮರಿ ಬೆಳೆಯೋ ಎರಿಯ ಗೂಡು) ಜಾಸ್ತಿ ಆಗತ್ತೆ, ಅವುಗಳ ಮುಚ್ಚಳ ಉಬ್ಬಿ ನಡುವೆ ಸೂಜಿ ಚುಚ್ಚಿದಂಥ ತೂತು ಇರತ್ತೆ. ಆಮೇಲೆ ಎರಿಯ ಕೆಳ ಅಂಚಲ್ಲಿ ನೆಲಗಡಲೆ ಥರ ಜೋತಾಡೋ ರಾಣಿ ಕಣ್ಣು. ಮೊದಲ ರಾಣಿ ಕಣ್ಣಿಗೆ ಮುಚ್ಚಳ ಬೀಳೋ ಹೊತ್ತಿಗೆ ಹಳೆ ರಾಣಿ ಹಿಂಡು ಕಟ್ಟಿಕೊಂಡು ಹಾರತ್ತೆ, ಅಷ್ಟರೊಳಗೆ ನಾವೇ ಪಾಲು ಮಾಡ್ಬೇಕು. ಹಳೆ ರಾಣಿ ಇರೋ ಫ್ರೇಮ್ ಸೇರಿಸಿ ಮೂರು ಫ್ರೇಮು, ಅದಕ್ಕೆ ಕೂತಿರೋ ನೊಣದ ಸಮೇತ, ಹೊಸ ಪೆಟ್ಟಿಗೆಗೆ ಹಾಕಿ ಹತ್ತಡಿ ದೂರ ಇಡಿ. ಹಳೇ ಜಾಗದ ಪೆಟ್ಟಿಗೇಲಿ ಒಂದೆರಡು ದಪ್ಪ ರಾಣಿ ಕಣ್ಣು ಬಿಟ್ಟು ಉಳಿದದ್ದು ತೆಗೀರಿ. ಹೊಲಕ್ಕೆ ಹೋಗೋ ನೊಣ ಎಲ್ಲಾ ಹಳೇ ಜಾಗಕ್ಕೇ ವಾಪಸ್ ಹೋಗತ್ತೆ, ಅದಕ್ಕೇ ಹೊಸ ಪೆಟ್ಟಿಗೆಗೆ ಒಂದು ವಾರ ಪಾಕ ಬೇಕು. ಹೊಸ ರಾಣಿ ಬರೋ ಪೆಟ್ಟಿಗೇನ ಎರಡು ವಾರ ತೆರೀಬೇಡಿ, ಅದು ಮಿಲನಕ್ಕೆ ಹಾರಿ ವಾಪಸ್ ಬರೋ ಟೈಮು, ಆಮೇಲೆ ತೆಗೆದು ಕಣ್ಣಿನ ತಳದಲ್ಲಿ ಮೊಟ್ಟೆ ಇದೆಯಾ ನೋಡಿ.

ತುಪ್ಪದ ಕಾಲ

ಇಲ್ಲಿ ಅಂಟುವಾಳ ಮೊದಲು, ಆಮೇಲೆ ಮಾರ್ಚ್ ಏಪ್ರಿಲಲ್ಲಿ ನೇರಳೆ, ಕೊನೆಗೆ ಮತ್ತಿ. ಸುಳ್ಯ ಪುತ್ತೂರು ಕಡೆಯೋರಿಗೆ ಜನವರಿಯಿಂದ ಮಾರ್ಚ್ ರಬ್ಬರ್, ಅದರ ಮಧು ಬರೋದು ಹೂವಿಂದ ಅಲ್ಲ, ಚಿಗುರೆಲೆಯ ತೊಟ್ಟಿಂದ. ಕೊಡಗಿನೋರಿಗೆ ಕಾಫಿ ಹೂವು. ಕೆಳಗಿನ ಏಳು ಫ್ರೇಮಲ್ಲೂ ನೊಣ ತುಂಬಿದ ಮೇಲೆ ತುಪ್ಪದ ಕೋಣೆ ಇಡಿ, ಎರಿಯ ಮುಕ್ಕಾಲು ಭಾಗಕ್ಕೆ ಮೇಣದ ಮುಚ್ಚಳ ಬಿದ್ದ ಮೇಲೇ ತೆಗೀರಿ, ಮೊದಲೇ ತೆಗೆದ್ರೆ ನೀರಂಶ ಜಾಸ್ತಿ ಇದ್ದು ಹುಳಿಯಾಗತ್ತೆ.

ತುಪ್ಪ ತೆಗೆಯೋ ಯಂತ್ರ ಒಂದೆರಡು ಪೆಟ್ಟಿಗೆಗೋಸ್ಕರ ಕೊಳ್ಳೋದು ದಂಡ. ನಾನು ಮಾಡ್ಕೊಂಡಿದ್ದು ಮೊಸರು ಕಡೆಯೋ ಲೆಕ್ಕದಲ್ಲಿ. ಅಗಲ ಬಾಯಿಯ ಸ್ಟೀಲ್ ಪಾತ್ರೆ, ನಡುವೆ ನಿಂತ ಕೋಲು, ಕೋಲಿನ ಎರಡು ಪಕ್ಕ ಫ್ರೇಮ್ ನಿಲ್ಲೋಕೆ ಸ್ಟೀಲ್ ಜಾಲರಿ, ಮೇಲೆ ಹಗ್ಗ ಸುತ್ತಿ ಕಡೆಗೋಲಿನ ಥರ ಎಳೆಯೋದು. ಬಿಸಿ ನೀರಲ್ಲಿ ಅದ್ದಿ ಒರೆಸಿದ ಚಾಕುವಲ್ಲಿ ಮುಚ್ಚಳ ಸವರಿ, ಎರಡೂ ಫ್ರೇಮ್ ಒಂದೇ ತೂಕದ್ದು ಇಡಿ, ನಿಧಾನ ಎಳೀರಿ. ಎರಿ ಮುರೀದೆ ವಾಪಸ್ ಕೊಟ್ರೆ ಜೇನು ಮತ್ತೆ ಮೇಣ ಮಾಡೋ ಶ್ರಮ ಉಳಿದು ಅದೇ ಎರಿಗೆ ತುಪ್ಪ ತುಂಬತ್ತೆ. ಕೆಳಗಿನ ಕೋಣೆಯ ತುಪ್ಪ ಯಾವತ್ತೂ ಮುಟ್ಟಬೇಡಿ. ಮೇ ಮಧ್ಯಕ್ಕೆ ತೆಗೆಯೋದು ನಿಲ್ಸಿ, ಆಮೇಲೆ ಬಂದಿದ್ದು ಅದರದ್ದು.

ಮಳೆಗಾಲ

ಮೃಗಶಿರ ಮಳೆ ಹಿಡಿಯೋದಕ್ಕೆ ಮುಂಚೆ ಖಾಲಿ ತುಪ್ಪದ ಕೋಣೆ ತೆಗೆದುಬಿಡಿ. ಕೆಳಗಡೇನೂ ನೊಣ ಮುಚ್ಚಿ ಕೂರೋವಷ್ಟು ಎರಿ ಮಾತ್ರ ಇರ್ಲಿ, ನಾಲ್ಕಕ್ಕೆ ಸಾಕಾದ್ರೆ ನಾಲ್ಕೇ. ನೊಣ ಇಲ್ಲದ ಎರಿ ಅಂದ್ರೆ ಮೇಣದ ಹುಳಕ್ಕೆ ಮನೆ. ತುಡುವೆ ಹಳೆ ಎರಿಯನ್ನ ತಾನೇ ಕಡಿದು ಪುಡಿ ಉದುರಿಸತ್ತೆ, ಆ ಪುಡಿ ಅಡಿಹಲಗೆ ಮೇಲೆ ಬಿದ್ದಲ್ಲೇ ಹುಳದ ಮೊಟ್ಟೆ ಒಡೆಯೋದು, ಅದಕ್ಕೇ ಎಂಟು ಹತ್ತು ದಿನಕ್ಕೊಮ್ಮೆ ಹಲಗೆ ಮಾತ್ರ ಸರಿಸಿ ಗುಡಿಸಿ. ಮೇಲೆ ಜಿಂಕ್ ಶೀಟ್ ತುಂಡು ಮುಂದಕ್ಕೆ ಇಳಿಜಾರಾಗಿ, ಗಾಳಿಗೆ ಹಾರದಂಗೆ ಕಲ್ಲು.

ಪಾಕಕ್ಕೆ ಒಂದು ಲೋಟ ಸಕ್ಕರೆಗೆ ಒಂದು ಲೋಟ ಬಿಸಿ ನೀರು, ಆರಿಸಿ, ಚಿಕ್ಕ ಬಾಟ್ಲಿ ಮುಚ್ಚಳಕ್ಕೆ ಸಣ್ಣ ತೂತು ಹೊಡೆದು ಒಳಗಡೆ ಫ್ರೇಮಿನ ಮೇಲೆ ಬೋರಲು ಇಡಿ. ವಾರಕ್ಕೆ ಇನ್ನೂರು ಗ್ರಾಂ ಸಕ್ಕರೆ ಒಂದು ಪೆಟ್ಟಿಗೆಗೆ. ಕತ್ತಲಾದ ಮೇಲೆ ಕೊಡಿ, ಎಲ್ಲಾ ಪೆಟ್ಟಿಗೆಗೂ ಒಂದೇ ದಿನ ಕೊಡಿ, ಹೊರಗೆ ಒಂದು ಹನಿ ಚೆಲ್ಲಬೇಡಿ. ಒಂದು ಆಷಾಢದಲ್ಲಿ ನಾನು ಹಗಲು ಕೊಟ್ಟು, ಬಾಗಿಲ ಹತ್ರ ಸ್ವಲ್ಪ ಚೆಲ್ಲಿ, ಬಲವಾದ ಪೆಟ್ಟಿಗೆಯ ನೊಣ ಬಂದು ಬಡ ಪೆಟ್ಟಿಗೇನ ದೋಚಿ, ಸಂಜೆ ಹೊತ್ತಿಗೆ ಅಡಿಹಲಗೆ ತುಂಬಾ ಸತ್ತ ನೊಣ. ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ. ಅಂಗಡಿ ತುಪ್ಪ ಕೊಡೋದೂ ಬೇಡ, ಯಾವ ಗೂಡಿನ ರೋಗ ಅದರಲ್ಲಿದೆ ಗೊತ್ತಾಗಲ್ಲ.

ರೋಗ ಅಂದ್ರೆ ಥಾಯ್ ಸ್ಯಾಕ್ ಬ್ರೂಡ್. 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಶೇಕಡ 90ಕ್ಕಿಂತ ಜಾಸ್ತಿ ಇದರಿಂದ ಹೋಯ್ತು, ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಅಟ್ಟ ಸೇರಿದ್ದು ಆಗಲೇ. ಮರಿ ಕಣ್ಣೊಳಗೆ ತಲೆ ಮೇಲೆ ಮಾಡಿ ಉದ್ದಕ್ಕೆ ಸತ್ತಿರತ್ತೆ, ಕಡ್ಡಿಯಲ್ಲಿ ಎತ್ತಿದ್ರೆ ನೀರು ತುಂಬಿದ ಚೀಲದ ಹಾಗೆ ಬರತ್ತೆ. ವೈರಸ್ಸು, ಔಷಧಿ ಇಲ್ಲ. ಆ ಪೆಟ್ಟಿಗೆಯ ಫ್ರೇಮ್, ಪಾಕದ ಬಾಟ್ಲಿ ಇನ್ನೊಂದಕ್ಕೆ ಹಾಕ್ಬೇಡಿ, ಕೈ ಚಾಕು ತೊಳೆದೇ ಮುಂದಿನದಕ್ಕೆ ಹೋಗಿ, ರೋಗದ ಎರಿ ಸುಟ್ಟುಬಿಡಿ, ಬದುಕಿ ಉಳಿದ ಕುಟುಂಬದಿಂದಲೇ ಮುಂದೆ ಪಾಲು ಮಾಡಿ.

ಆಗಸ್ಟಿಂದ ಕಡಜದ ಕಾಟ. ಬಾಗಿಲ ಮುಂದೆ ನಿಂತು ಬರೋ ನೊಣ ಒಂದೊಂದೇ ಹಿಡೀತಾವೆ. ಬಾಗಿಲನ್ನ ನೊಣ ಮಾತ್ರ ತೂರೋವಷ್ಟು, 8 ಮಿಲಿಮೀಟರ್ ಎತ್ತರಕ್ಕೆ ಕಿರಿದು ಮಾಡಿ, ಬೆಳಿಗ್ಗೆ ಹೊತ್ತು ಅರ್ಧ ಗಂಟೆ ಬ್ಯಾಟ್ ಹಿಡಿದು ಅಲ್ಲೇ ಇರಿ.

ಹಸ್ತ ಮಳೆ ಹೊತ್ತಿಗೆ ಬಿಸಿಲು ಇಣುಕತ್ತೆ. ದರೆ ಮೇಲಿನ ಮುಟ್ಟಿದರೆ ಮುನಿ ಹೂವಿಂದ ಬೆಳಿಗ್ಗೆ ಬೆಳಿಗ್ಗೆ ಕಾಲಿಗೆ ಪರಾಗ ಕಟ್ಕೊಂಡು ನೊಣ ಸಾಲಾಗಿ ಒಳಗೆ ಹೋಗೋದು ನಾಲ್ಕೈದು ದಿನ ಬಿಡದೆ ಕಂಡ್ರೆ ಪಾಕ ನಿಲ್ಸಿ, ಬಾಟ್ಲಿ ತೊಳೆದು ಒಣಗಿಸಿಡಿ, ತೆಗೆದಿಟ್ಟ ಖಾಲಿ ಫ್ರೇಮು ಒಂದೊಂದೇ ವಾಪಸ್ ಕೊಡೋಕೆ ಶುರು ಮಾಡಿ.