ಕೆಲಸಕ್ಕೆ ವಾಪಸ್ ಹೋಗೋ ಮುಂಚೆ ಇದನ್ನ ಕೇಳ್ಕೊಳ್ಳಿ

ಹೆರಿಗೆ ರಜೆ ಮುಗಿಸಿ ಆಫೀಸಿಗೆ ಹೊರಟಿರೋ ಅಕ್ಕ ತಂಗಿಯರೇ, ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಸಿಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು, ಆದ್ರೆ ಆ ರಜೆ ಕೊಟ್ಟ 2017ರ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದುಪಡಿಯಲ್ಲೇ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಕ್ರೆಶ್ (ಕೆಲಸದ ಹೊತ್ತಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಜಾಗ) ಸೌಲಭ್ಯ ಇರಲೇಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗು ನೋಡ್ಕೊಂಡು ಬರಬಹುದು ಅಂತಾನೂ ಇದೆ, ಅದು ಸುಮಾರು ಜನಕ್ಕೆ ಗೊತ್ತೇ ಇಲ್ಲ. ನಾನೂ ಕೇಳಿರ್ಲಿಲ್ಲ. ಮಗಳಿಗೆ 8 ತಿಂಗಳಿದ್ದಾಗ ಟೀಮ್ ಲೀಡ್ ಆದೆ, ಮೀಟಿಂಗ್ ಮಧ್ಯೆ ಎದೆಹಾಲು ಕಟ್ಕೊಂಡು ಜೀವ ಹೋಗೋಷ್ಟು ನೋವಾದ್ರೂ ಸುಮ್ನೆ ಕೂತಿದ್ದೆ, ಈಗ ನೆನೆಸ್ಕೊಂಡ್ರೂ ಸಂಕಟ ಆಗುತ್ತೆ. ಅದಕ್ಕೇ ಹೇಳ್ತಿರೋದು, ಎಚ್‌ಆರ್ ಹತ್ರ ಬಾಯಿಮಾತಲ್ಲಿ ಕೇಳ್ಬೇಡಿ, ಮೇಲ್ ಹಾಕಿ, ಉತ್ತರ ಬರೋವರೆಗೂ ಬಿಡ್ಬೇಡಿ.

ಆಮೇಲೆ ಬೆಳಗಿನ ಗಡಿಬಿಡಿಗೆ, ರಾಗಿ ಸರಿ ಹಿಟ್ಟನ್ನ ಭಾನುವಾರವೇ ಮಾಡಿ ಡಬ್ಬಿಗೆ ತುಂಬಿಡಿ, ಮೊದಲು ತಣ್ಣೀರಲ್ಲಿ ಕಲಸಿಕೊಂಡು ಆಮೇಲೆ ಒಲೆ ಮೇಲಿಟ್ಟು ಕೈಯಾಡಿಸ್ತಿದ್ರೆ ಗಂಟಾಗಲ್ಲ. ಈ ಕೆಲಸ ಗಂಡನಿಗೂ ಕಲಿಸಿ, ನಮ್ಮನೇಲಿ ಈಗ ದಿನಾ ಅವರೇ ಮಾಡೋದು.