ಲಾಡ್ಜ್ ಲಾಬಿಯಲ್ಲಿ ಅಮೂರ್ತ ಚಿತ್ರ ಹಾಕುವುದು ಹೇಗೆ?

ಚಿತ್ರದುರ್ಗದ ಕೋಟೆ ಹತ್ತಿಳಿದು, ಬಿಸಿಲಿಗೆ ಬಸವಳಿದು ಬಂದವರು ಮೊದಲು ಕೂರುವುದು ಲಾಬಿಯ ಸೋಫಾದಲ್ಲಿ. ಅದರ ಎದುರಿನ ಗೋಡೆಗೆ ಒಂದೇ ದೊಡ್ಡ ಅಮೂರ್ತ ಚಿತ್ರ, ಅಂದರೆ ಗುರುತಿಸುವ ರೂಪವಿಲ್ಲದೆ ಬಣ್ಣ-ಆಕಾರಗಳಷ್ಟೇ ಇರುವ ಚಿತ್ರ, ಸಾಕು. ನಾಲ್ಕೈದು ಸಣ್ಣವು ಕಣ್ಣನ್ನು ಅಲೆಸುತ್ತವೆ. ಬಂಡೆಯ ಬೂದು, ಮಾಸಲು ನೀಲಿ, ಅಡ್ಡಕ್ಕೆ ಹರಡಿದ ಅಗಲ ಪಟ್ಟೆಗಳು ಚೆನ್ನ. ಕಡುಗೆಂಪು ಬೇಡವೇ ಬೇಡ.

ಚಿತ್ರದ ನಡುಭಾಗ ನೆಲದಿಂದ 57–60 ಇಂಚು ಎತ್ತರದಲ್ಲಿರಲಿ. ಕೂತೇ ನೋಡುವ ಜಾಗವಾದರೆ ನಾಲ್ಕು ಇಂಚು ಇಳಿಸಿ. ಒಂದೇ ಮೊಳೆಗೆ ತೂಗಿದರೆ ಬಾಗಿಲು ಬಡಿದಾಗಲೆಲ್ಲ ವಾಲುತ್ತದೆ. ಎರಡು ಕಡೆ ಡ್ರಿಲ್ ಮಾಡಿ, ತೂತಿಗೆ ಸ್ಕ್ರೂ ಹಿಡಿಯುವ ಪ್ಲಗ್ ಕೂರಿಸಿ ಸ್ಕ್ರೂ ಹಾಕಿ.

ಗಾಜು ಹಾಕಿಸಬೇಡಿ, ಟ್ಯೂಬ್‌ಲೈಟ್ ಅದರಲ್ಲೇ ಹೊಳೆದು ಚಿತ್ರ ಕಾಣುವುದಿಲ್ಲ. ಅಕ್ರಿಲಿಕ್ ಬಣ್ಣದ ಚಿತ್ರಕ್ಕೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಬಳಿಸಿ. ಧೂಳನ್ನು ಒಣ ಮೆತ್ತನೆಯ ಬ್ರಷ್‌ನಿಂದಷ್ಟೇ ತೆಗೆಯಿರಿ. ಪಡುವಣ ಬಿಸಿಲು ನೇರ ಬೀಳುವ ಗೋಡೆಯಲ್ಲಿ ಬಣ್ಣ ಮಂಕಾಗುತ್ತದೆ. ಅಲ್ಲಿ ಚಿತ್ರ ಹಾಕಬೇಡಿ.